ಕೈಯಿಂದ ಮಾಡಿದ ವಿಂಡ್‌ಸರ್ಫಿಂಗ್ ಸಾಮಾನಿಗೆ ಇಷ್ಟೊಂದು ದುಡ್ಡು ಯಾಕೆ? ಎಲ್ಲಿ ಕೊಡಬೇಕು, ಎಲ್ಲಿ ಉಳಿಸಬಹುದು?

ನೀರುಕೋಳಿ:
ಪ್ರಶ್ನೆ ನೇರವಾಗಿ ಕೇಳ್ತೀನಿ. 100 ಲೀಟರ್ ಗಾತ್ರದ, 66 ಸೆಂ.ಮೀ. ಅಗಲದ ಸ್ಲಾಲಮ್ ಬೋರ್ಡ್, ಅಂದ್ರೆ ಹಾಯಿ ಕಟ್ಟಿ ನಿಂತು ವೇಗವಾಗಿ ಓಡಿಸೋ ಹಲಗೆ. ಒಂದು ಕಾರ್ಖಾನೆಯ ಅಚ್ಚಿನಿಂದ ಬಂದದ್ದು, ಇನ್ನೊಂದು ಆರ್ಡರ್ ಕೊಟ್ಟ ಮೇಲೆ ಕೈಯಲ್ಲಿ ಒಂದೇ ಒಂದು ಮಾಡಿಕೊಡೋದು. ಎರಡರಲ್ಲೂ ಕಾರ್ಬನ್ ಎಳೆಯ ಬಟ್ಟೆ, ಎರಡರಲ್ಲೂ ಎಪಾಕ್ಸಿ ರಾಳ, ಎರಡರ ಹೊಟ್ಟೆಯಲ್ಲೂ ಥರ್ಮೋಕೋಲ್. ಆದರೂ ಕೈಯಲ್ಲಿ ಮಾಡಿದ್ದಕ್ಕೆ ತುಂಬಾ ಹೆಚ್ಚು ಕೇಳ್ತಾರೆ. ಫಿನ್ನಿನಲ್ಲಂತೂ, ಅಂದ್ರೆ ಬೋರ್ಡಿನ ಅಡಿಯಲ್ಲಿ ನೀರಿಗೆ ಇಳಿಯೋ ರೆಕ್ಕೆಯಲ್ಲಿ, ಈ ಅಂತರ ಇನ್ನೂ ಜಾಸ್ತಿ. ದುಡ್ಡು ನಿಜವಾಗಿ ಎಲ್ಲಿಗೆ ಹೋಗುತ್ತೆ? ಪೂರ್ತಿ ಸೆಟ್ಟಿನಲ್ಲಿ ಯಾವುದಕ್ಕೆ ಖರ್ಚು ಮಾಡಿದ್ರೆ ನೀರಿನ ಮೇಲೆ ಗೊತ್ತಾಗುತ್ತೆ, ಯಾವುದಕ್ಕೆ ಮಾಡಿದ್ರೆ ಗೊತ್ತಾಗಲ್ಲ? ಬಲ್ಲವರು ಬಿಡಿಸಿ ಹೇಳಿ.

ರಾಳಬಟ್ಟೆ:
ಮೊದಲು ತೂಕದ ಲೆಕ್ಕ ನೋಡಿ, ದುಡ್ಡಿನ ಲೆಕ್ಕ ಅದರ ಹಿಂದೆಯೇ ಬರುತ್ತೆ.

100 ಲೀಟರ್ ಬೋರ್ಡಿನ ಒಟ್ಟು ಮೈ ಸುಮಾರು 2.6 ಚದರ ಮೀಟರ್. ಅದರ ಮೇಲೆ ಸರಾಸರಿ 4 ಮಿ.ಮೀ. ಪಿವಿಸಿ ಫೋಮಿನ ಹೊದಿಕೆ ಬಂದರೆ ಅದಕ್ಕೇ 10 ಲೀಟರ್ ಹೋಯ್ತು. ಉಳಿದ 90 ಲೀಟರ್ ಥರ್ಮೋಕೋಲ್ ತಿರುಳು. ಘನ ಮೀಟರಿಗೆ 15 ಕೆಜಿಯ ಥರ್ಮೋಕೋಲ್ ಹಿಡಿದರೆ ತಿರುಳಿನ ತೂಕ 1.35 ಕೆಜಿ. ಪಿವಿಸಿ ಘನ ಮೀಟರಿಗೆ 75–80 ಕೆಜಿ, ಅಂದರೆ 0.8 ಕೆಜಿ. ಒಳಪದರದ ಗಾಜಿನ ಬಟ್ಟೆ, ಹೊರಪದರದ (ಚದರ ಮೀಟರಿಗೆ 200 ಗ್ರಾಂ ತೂಗೋ) ಕಾರ್ಬನ್, ಹಿಮ್ಮಡಿ ಬೀಳುವ ಕಡೆಯ ತೇಪೆಗಳು, ಅಂಚಿನಲ್ಲಿ ಒಂದರ ಮೇಲೊಂದು ಮಡಿಸೋದು, ಎಲ್ಲ ಸೇರಿ ಬಟ್ಟೆ 1.1 ಕೆಜಿ. ರಾಳ ಹೆಚ್ಚೂಕಮ್ಮಿ ಅಷ್ಟೇ, ಪಿವಿಸಿ ಹೀರಿಕೊಳ್ಳೋದನ್ನೂ ಸೇರಿಸಿ 1.2. ಫಿನ್ ಕೂರೋ ಬಾಕ್ಸ್, ಮಾಸ್ಟ್ (ಹಾಯಿಕಂಬ) ನಿಲ್ಲೋ ಟ್ರ್ಯಾಕ್, ಕಾಲು ತೂರಿಸೋ ಫುಟ್‌ಸ್ಟ್ರಾಪಿನ ಪ್ಲಗ್ಗುಗಳು, ಇವುಗಳ ಸುತ್ತ ಕೂರಿಸುವ ಗಟ್ಟಿ ಫೋಮ್ ಎಲ್ಲ 0.85. ಪುಟ್ಟಿ, ಬಣ್ಣ, ಜಾರದ ಲೇಪ 0.6. ಕಾಲಡಿಯ ಮೆತ್ತೆ 0.3. ಕೂಡಿಸಿದರೆ 6.2 ಕೆಜಿ.

ಇದರಲ್ಲಿ ಎಲ್ಲರೂ ಮಾತಾಡೋ ಕಾರ್ಬನ್ ಎಷ್ಟು? ಹೊರಪದರಕ್ಕೆ 3 ಚದರ ಮೀಟರ್, 600 ಗ್ರಾಂ. ರೋಲಿನಿಂದ ಕತ್ತರಿಸುವಾಗ ಮೂಗು, ಬಾಲದ ಪಕ್ಕ ವ್ಯರ್ಥ ಆಗೋದನ್ನ ಸೇರಿಸಿದರೂ 5 ಚದರ ಮೀಟರ್ ದಾಟಲ್ಲ. ಕಾರ್ಖಾನೆಯವರಿಗೂ ಅಷ್ಟೇ ಬಟ್ಟೆ ಬೇಕು. ಹಾಗಾಗಿ "ಪೂರ್ತಿ ಕಾರ್ಬನ್, ಅದಕ್ಕೇ ಇಷ್ಟು" ಅನ್ನೋ ಉತ್ತರವನ್ನ ನಂಬಬೇಡಿ.

ದುಡ್ಡು ಹೋಗೋದು ಗಂಟೆಗಳಿಗೆ. ಕೆಲಸದ ಸರಣಿ ಹೀಗಿದೆ. ರಾಕರ್ (ಬೋರ್ಡಿನ ಉದ್ದದ ಬಾಗು) ಪಟ್ಟಿ ಕಟ್ಟಿ ಬಿಸಿ ತಂತಿಯಲ್ಲಿ ತಿರುಳು ಕೊಯ್ಯೋದು. ಹೊದಿಕೆಯ ದಪ್ಪದಷ್ಟು ಎಲ್ಲ ಕಡೆ ಚಿಕ್ಕದಾಗಿ ಆಕಾರ ಕೊಡೋದು. ಬಾಕ್ಸುಗಳು ಬರೋ ಜಾಗದಲ್ಲಿ ಗಟ್ಟಿ ಫೋಮ್ ಕೂರಿಸೋದು. ಅಡಿಭಾಗಕ್ಕೆ ಒಳಬಟ್ಟೆ, ಪಿವಿಸಿ ಹಾಕಿ ವ್ಯಾಕ್ಯೂಮ್, ಅಂದ್ರೆ ಚೀಲದಲ್ಲಿಟ್ಟು ಗಾಳಿ ಎಳೆದು ಒತ್ತೋದು. ಒಣಗಿದ ಮೇಲೆ ಅಂಚು ಸಮಮಾಡಿ ಡೆಕ್ಕಿಗೆ (ಕಾಲಿಟ್ಟು ನಿಲ್ಲೋ ಮೇಲ್ಮೈಗೆ) ಮತ್ತೆ ಅದೇ. ಎರಡೂ ಸೇರೋ ಅಂಚನ್ನ ಉಜ್ಜಿ ಒಂದಾಗಿಸಿ ಅಡಿಭಾಗದ ಹೊರಪದರ, ವ್ಯಾಕ್ಯೂಮ್. ಡೆಕ್ಕಿನ ಹೊರಪದರ, ವ್ಯಾಕ್ಯೂಮ್. ಆಮೇಲೆ ಬಾಕ್ಸುಗಳಿಗೆ ತೋಡಿ ಅಂಟಿಸೋದು, ಪುಟ್ಟಿ, ಉಜ್ಜೋದು, ಬಣ್ಣ, ಜಾರದ ಲೇಪ, ಗಾಳಿ ಬಿಡುವ ತಿರುಪು. ಅಂದರೆ ನಾಲ್ಕು ಸಲ ವ್ಯಾಕ್ಯೂಮ್ ಚೀಲ, ಪ್ರತಿ ಸಲ ಒಂದು ರಾತ್ರಿ. ಪಳಗಿದ ಕೈಗೂ 30ರಿಂದ 40 ಗಂಟೆ ಬೇಕು. ಅಚ್ಚಿನಲ್ಲಿ ಆಕಾರ ಕೊಡೋ ಕೆಲಸವೂ, ಉಜ್ಜೋ ಕೆಲಸದ ದೊಡ್ಡ ಪಾಲೂ ಇರಲ್ಲ. ಅಚ್ಚೇ ಮೈಯನ್ನ ನುಣುಪಾಗಿ ಕೊಡುತ್ತೆ.

ಇನ್ನು ಕೆಟ್ಟರೆ ಏನು ಅನ್ನೋದು. ಕಾರ್ಖಾನೆಯಲ್ಲಿ ಒಂದು ಬೋರ್ಡ್ ಕೆಟ್ಟರೆ ಆ ನಷ್ಟ ನೂರಾರು ಬೋರ್ಡುಗಳ ಮೇಲೆ ಹಂಚಿ ಹೋಗುತ್ತೆ. ಒಂದೊಂದೇ ಮಾಡೋವನಿಗೆ ಒಂದು ಕೆಟ್ಟರೆ ಆ ಅಷ್ಟೂ ಗಂಟೆಗಳ ದುಡಿಮೆ ಹೋಯ್ತು. ಅದನ್ನ ಅವನು ದರದಲ್ಲಿ ಸೇರಿಸಲೇಬೇಕು.

ಎಲ್ಲಿ ಕೆಡುತ್ತೆ ಅಂದ್ರೆ, ಹೆಚ್ಚಾಗಿ ಚೀಲದಲ್ಲಿ. ವ್ಯಾಕ್ಯೂಮ್ 0.35 ಬಾರ್ ಎಳೆದರೆ ಸಾಕು, ಅಷ್ಟಕ್ಕೇ ಚದರ ಮೀಟರಿಗೆ ಮೂರೂವರೆ ಟನ್ ಒತ್ತಡ. 15 ಕೆಜಿಯ ಥರ್ಮೋಕೋಲಿಗೆ 0.6 ಬಾರ್ ದಾಟಿಸಿದರೆ ಕಾಳುಗಳು ಚಪ್ಪಟೆಯಾಗಿ ತಿರುಳು ಮತ್ತೆ ಏಳದ ಹಾಗೆ ಕುಸಿಯುತ್ತೆ. ಕಡಿಮೆ ಎಳೆದರೆ ಪಿವಿಸಿ ಅಂಚಿನ ತಿರುವಿನಲ್ಲಿ ಎದ್ದು ನಿಲ್ಲುತ್ತೆ, ಒಳಗೆ ಪೊಳ್ಳು. ಚೀಲದ ಒಳಗೆ ಬೋರ್ಡನ್ನ ರಾಕರ್ ಮೇಜಿನ ಮೇಲೆ ಬಿಗಿಯಾಗಿ ಕೂರಿಸದಿದ್ದರೆ ಒತ್ತಡಕ್ಕೆ ಮೂಗು, ಬಾಲ ಬಾಗುತ್ತವೆ. ಹಾಗೇ ಗಟ್ಟಿಯಾಗಿಬಿಟ್ಟರೆ ಅದನ್ನ ಸರಿಮಾಡೋ ದಾರಿ ಇಲ್ಲ. ಕೆಲಸ ಬಲ್ಲವರು ಪಂಪ್ ನಿಲ್ಲಿಸಿ ಹತ್ತು ನಿಮಿಷ ಗೇಜಿನ ಮುಳ್ಳು ನೋಡ್ತಾರೆ. ಮುಳ್ಳು ಇಳಿದರೆ ಚೀಲದ ಅಂಟುಪಟ್ಟಿಯ ಉದ್ದಕ್ಕೂ ಕಿವಿ ಇಟ್ಟು ಹೋಗಬೇಕು. ಸೋರುವ ಕಡೆ ಸಣ್ಣ ಸೀಟಿಯ ಹಾಗೆ ಕೇಳುತ್ತೆ, ಹೆಬ್ಬೆರಳಲ್ಲಿ ಪಟ್ಟಿ ಒತ್ತಿದ ಕೂಡಲೇ ನಿಲ್ಲುತ್ತೆ. ಹೆಚ್ಚು ಕಡೆ ಅದು ಚೀಲದ ಮಡಿಕೆ ಪಟ್ಟಿಯ ಮೇಲೆ ಬರೋ ಮೂಲೆ. ರಾಳ ಇನ್ನೂ ಹಸಿ ಇರೋವಾಗಲೇ ಇದೆಲ್ಲ ಮುಗೀಬೇಕು.

ರಾಳದ್ದು ಇನ್ನೊಂದು ತಲೆನೋವು. ತೂಕದಲ್ಲಿ ರಾಳ 100ಕ್ಕೆ ಹಾರ್ಡ್ನರ್ (ಗಟ್ಟಿ ಮಾಡೋ ದ್ರವ) 30 ಅಂತ ಹೇಳಿರೋ ಎಪಾಕ್ಸಿಯನ್ನ ಅಳತೆ ಲೋಟದಲ್ಲಿ 100ಕ್ಕೆ 30 ಬೆರೆಸಿದರೆ ಪ್ರಮಾಣ ತಪ್ಪುತ್ತೆ, ಯಾಕಂದ್ರೆ ಎರಡರ ಸಾಂದ್ರತೆ ಬೇರೆ. 100 ಗ್ರಾಂ ರಾಳಕ್ಕೆ ಹಾರ್ಡ್ನರ್ 3 ಗ್ರಾಂ ತಪ್ಪಿದರೂ ಅದು ಹಾರ್ಡ್ನರಿನಲ್ಲಿ ಹತ್ತರಲ್ಲೊಂದು ಪಾಲು. ಬೋರ್ಡ್ ಗಟ್ಟಿಯಾದ ಹಾಗೇ ಕಾಣುತ್ತೆ, ಬಿಸಿಲಿಗೆ ಮೆತ್ತಗಾಗುತ್ತೆ. ಅರ್ಧ ಕೆಜಿ ಬೆರೆಸಿ ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೇ ಹೊಗೆಯಾಡುತ್ತೆ, ಅಗಲ ತಟ್ಟೆಗೆ ಸುರಿದುಕೊಳ್ಳಬೇಕು.

ಮರಳುದಿಬ್ಬ:
ರಾಳಬಟ್ಟೆಯವರ ಲೆಕ್ಕ ಸರಿ ಇದೆ. ಆದರೆ ಇನ್ನೊಂದು ಮಗ್ಗುಲೂ ಇದೆ, ಅದನ್ನ ಹೇಳದೆ ಬಿಟ್ಟರೆ ಹೊಸಬರು ದಾರಿ ತಪ್ಪುತ್ತಾರೆ.

ಕಾರ್ಖಾನೆ ಬೋರ್ಡ್ ಅಂದ್ರೆ ಕೀಳು ಅಂತ ತಿಳೀಬೇಡಿ. ಥೈಲ್ಯಾಂಡಿನ ಕೋಬ್ರಾ ಕಾರ್ಖಾನೆಯಲ್ಲಿ ಹಲವು ಹೆಸರಾಂತ ಬ್ರ್ಯಾಂಡುಗಳ ಬೋರ್ಡುಗಳು ತಯಾರಾಗ್ತವೆ. ಅಲ್ಲೂ ಬಟ್ಟೆ ಹಾಸೋದು, ರಾಳ ಹಚ್ಚೋದು ಮನುಷ್ಯರ ಕೈಯೇ. ಹಾಗಾಗಿ "ಕೈಯಿಂದ ಮಾಡಿದ್ದು" ಅನ್ನೋ ಮಾತಿಗೆ ಅರ್ಥ ಬರೋದು ಅಚ್ಚು ಇದೆಯೋ ಇಲ್ಲವೋ ಅನ್ನೋದರ ಮೇಲೆ. ಅಚ್ಚಿಗೆ ಹೋಗೋ ಮೊದಲು ಒಂದು ಆಕಾರದ ಹಲವಾರು ಮಾದರಿಗಳನ್ನ ನೀರಿಗಿಳಿಸಿ, ಪಕ್ಕ ಪಕ್ಕ ಓಡಿಸಿ, ಒಂದನ್ನ ಆರಿಸಿರ್ತಾರೆ. ಆ ಪರೀಕ್ಷೆಯ ಖರ್ಚು ಎಲ್ಲ ಬೋರ್ಡುಗಳ ಮೇಲೆ ಹಂಚಿರುತ್ತೆ. ನೀವು ಒಂದೇ ಒಂದು ಮಾಡಿಸಿದರೆ ಯಾರೂ ಓಡಿಸಿ ನೋಡದ ಮಾದರಿಯನ್ನ ಕೊಳ್ತಾ ಇದ್ದೀರಿ. ಬಾಲದ ಕಡೆಯ ಕೊನೆ ಅರ್ಧ ಮೀಟರಿನಲ್ಲಿ ಒಂದೆರಡು ಮಿ.ಮೀ. ಉಬ್ಬು ಬಂದರೂ ಬೋರ್ಡ್ ನೀರಿಗೆ ಅಂಟುತ್ತೆ. ನೋಡೋಕೆ ಚೆನ್ನಾಗಿರುತ್ತೆ, ವೇಗ ಬರಲ್ಲ.

ಒಲಿಂಪಿಕ್ಸನ್ನೇ ನೋಡಿ. 2024ರಲ್ಲಿ ಬಂದ ಐಕ್ಯೂಫಾಯಿಲ್ ತರಗತಿಯಲ್ಲಿ ಎಲ್ಲರಿಗೂ ಒಂದೇ ಬೋರ್ಡ್, ಒಂದೇ ಫಾಯಿಲ್ (ಬೋರ್ಡನ್ನ ನೀರಿಂದ ಮೇಲೆತ್ತೋ, ಕಂಬದ ತುದಿಯ ರೆಕ್ಕೆ). ವಿಶೇಷವಾಗಿ ಮಾಡಿಸಿದ್ದಕ್ಕೆ ಅಲ್ಲಿ ಜಾಗವೇ ಇಲ್ಲ. ಮೇಲ್ಮಟ್ಟದ ಪೈಪೋಟಿ ಅಂದ ಕೂಡಲೇ ಕೈಕೆಲಸದ ಬೋರ್ಡ್ ಬೇಕೇ ಬೇಕು ಅಂತೇನಿಲ್ಲ.

ರಾಳಬಟ್ಟೆ:
ಮರಳುದಿಬ್ಬ ಅವರೇ, ಪರೀಕ್ಷೆಯ ಮಾತನ್ನ ಪೂರ್ತಿ ಒಪ್ತೀನಿ. ಅದಕ್ಕೇ ಹೇಳೋದು, ಆಕಾರ ಹೊಸದಾಗಿ ಕಂಡುಹಿಡಿಯೋವನ ಹತ್ತಿರ ಹೋಗಬೇಡಿ. ಓಡಿ ಸಾಬೀತಾದ ಆಕಾರದ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಕೊರೆಯುವ ಯಂತ್ರದ) ಫೈಲ್ ಇಟ್ಟುಕೊಂಡಿರೋವನ ಹತ್ತಿರ ಹೋಗಿ, ನಿಮ್ಮ ಮೈತೂಕಕ್ಕೆ ಹೊಂದಿಸಿ ಮಾಡಿಸಿ. ತಿರುಳನ್ನ ಯಂತ್ರ ಕೊಯ್ದರೂ ಉಳಿದ ಮುಕ್ಕಾಲು ಕೆಲಸ ಕೈಯದ್ದೇ.

ಯಾರಿಗೆ ಬೇಕು ಅಂದ್ರೆ, 50 ಕೆಜಿಯವರಿಗೆ ಮತ್ತೆ 95 ದಾಟಿದವರಿಗೆ. ಅಚ್ಚಿನ ಬೋರ್ಡಿನ ಪದರಗಳು ಸರಾಸರಿ ಮೈತೂಕಕ್ಕೆ ಲೆಕ್ಕ ಹಾಕಿದ್ದು. ಹಗುರ ಇರೋವರಿಗೆ ಅದು ವ್ಯರ್ಥ ತೂಕ, ಭಾರ ಇರೋವರಿಗೆ ಹಿಮ್ಮಡಿ ಕೆಳಗೆ ಡೆಕ್ ಕುಸಿಯುತ್ತೆ. ಫುಟ್‌ಸ್ಟ್ರಾಪಿನ ಜಾಗ, ಮಾಸ್ಟ್ ಟ್ರ್ಯಾಕಿನ ಜಾಗ ಒಂದೆರಡು ಸೆಂ.ಮೀ. ಸರಿಸೋದೂ ಕೈಕೆಲಸದಲ್ಲಿ ಮಾತ್ರ ಆಗೋದು. ವೇಗದ ದಾಖಲೆಯ ಕಡೆ ಹೋದರೆ ಇದೇ ಎಲ್ಲ. 2015ರಲ್ಲಿ ನಮೀಬಿಯಾದ ಲ್ಯೂಡೆರಿಟ್ಸ್ ಕಾಲುವೆಯಲ್ಲಿ ಫ್ರಾನ್ಸಿನ ವಿಂಡ್‌ಸರ್ಫರ್ ಆಂತ್ವಾನ್ ಅಲ್ಬೊ 500 ಮೀಟರಿನಲ್ಲಿ 53.27 ನಾಟ್ (ಗಂಟೆಗೆ ಸುಮಾರು 99 ಕಿ.ಮೀ.) ಸರಾಸರಿ ತೆಗೆದರಲ್ಲ, ಅಲ್ಲಿ ಓಟ ಒಂದೇ ದಿಕ್ಕಿಗೆ. ಹಾಗಾಗಿ ಎಡಬಲ ಬೇರೆ ಬೇರೆ ಆಕಾರದ ಫಿನ್ ಬಳಸೋದು ಅಲ್ಲಿ ರೂಢಿ. ಅಂಥದ್ದನ್ನ ಯಾವ ಅಂಗಡಿಯವರೂ ದಾಸ್ತಾನು ಇಡಲ್ಲ.

ರೆಕ್ಕೆಮೀನು:
ಫಿನ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಇಡೀ ಸೆಟ್ಟಿನಲ್ಲಿ ಕೊಟ್ಟ ದುಡ್ಡು ಅತಿ ಹೆಚ್ಚು ತಿರುಗಿ ಸಿಗೋದು ಇಲ್ಲೇ.

ಫಿನ್ನುಗಳಲ್ಲಿ ಮೂರು ಜಾತಿ. ಮೊದಲನೇದು ಜಿ10: ಗಾಜು ಮತ್ತು ಎಪಾಕ್ಸಿಯನ್ನ ಒತ್ತಿ ಮಾಡಿದ ಹಲಗೆಯಿಂದ ಸಿಎನ್‌ಸಿಯಲ್ಲಿ ಕೊರೆದದ್ದು. ಇದು ಗಟ್ಟಿ, ಒಂದಕ್ಕೊಂದು ತಪ್ಪದೆ ಹೊಂದುತ್ತೆ, ಆದರೆ ಬಾಗೋದು, ತಿರುಚೋದು ಎರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡೋಕೆ ಆಗಲ್ಲ. ಹಲಗೆ ಹೇಗಿದೆಯೋ ಹಾಗೆ. ಎರಡನೇದು ಅಚ್ಚಿನಲ್ಲಿ ರಾಳ ತಳ್ಳಿ ಮಾಡಿದ್ದು. ಮೂರನೇದು ಎರಡು ಅರ್ಧ ಅಚ್ಚುಗಳಲ್ಲಿ ಕಾರ್ಬನ್ ಪದರ ಪದರವಾಗಿ ಕೈಯಲ್ಲಿ ಹಾಸಿ ಮುಚ್ಚಿದ್ದು. ಈ ಮೂರನೇದಕ್ಕೇ ದೊಡ್ಡ ದುಡ್ಡು.

ಕೈಯಲ್ಲಿ ಹಾಸಿದರೆ ಏನು ಸಿಗುತ್ತೆ? ಬುಡದಿಂದ ತುದಿಗೆ ನೇರ ಓಡುವ ಎಳೆಗಳು ಫಿನ್ ಪಕ್ಕಕ್ಕೆ ಎಷ್ಟು ಬಾಗಬೇಕು ಅನ್ನೋದನ್ನ ನಿರ್ಧರಿಸ್ತವೆ. 45 ಡಿಗ್ರಿ ಓರೆಯಲ್ಲಿ ಹಾಸಿದ ಎಳೆಗಳು ತುದಿ ಎಷ್ಟು ತಿರುಚಬೇಕು ಅನ್ನೋದನ್ನ. ವೇಗ ಏರಿದಾಗ ತುದಿ ಸ್ವಲ್ಪ ತಿರುಚಿ ಒತ್ತಡ ಬಿಟ್ಟುಕೊಟ್ಟರೆ ಬೋರ್ಡ್ ಶಾಂತವಾಗಿರುತ್ತೆ. ತಿರುಚು ತಪ್ಪು ದಿಕ್ಕಿಗೆ ಹೋದರೆ ಬೋರ್ಡಿನ ಒಂದು ಅಂಚು ಎದ್ದೇಳುತ್ತೆ. ಪದರಗಳ ಕೋನ ಐದು ಡಿಗ್ರಿ ತಪ್ಪಿದರೂ ಎರಡು ಫಿನ್ ಒಂದೇ ತರ ನಡೆಯಲ್ಲ. ಕಾಲಿನ ಕೆಳಗೆ ಅದು ತಿಳಿಯುತ್ತೆ.

ಅಚ್ಚಿನಿಂದ ಹೊರಬಂದ ಮೇಲೆ ಮುಂದಿನ ಅಂಚಿನಲ್ಲಿ ಎರಡು ಅರ್ಧಗಳು ಸೇರಿದ ಗೆರೆ ಉಳಿದಿರುತ್ತೆ. ಅದನ್ನ ಉಜ್ಜಿ ಆ ಅಂಚಿನ ದುಂಡು ಸರಿಯಾಗಿ ತರೋದೇ ಕೈಚಳಕ. ಉಗುರನ್ನ ಮುಂದಿನ ಅಂಚಿನ ಮೇಲೆ ಬುಡದಿಂದ ತುದಿವರೆಗೆ ನಿಧಾನಕ್ಕೆ ಎಳೀರಿ. ಎಲ್ಲಾದ್ರೂ ಉಗುರು ಟಕ್ ಅಂತ ತಡೆದರೆ ಅಲ್ಲಿ ಮೆಟ್ಟಿಲು ಇದೆ ಅಂತ ಅರ್ಥ. ಆ ಮೆಟ್ಟಿಲೇ ಮುಂದೆ ಫಿನ್ ಕೈಬಿಡೋಕೆ, ಅಂದ್ರೆ ಸ್ಪಿನ್‌ಔಟ್ ಆಗೋಕೆ ಕಾರಣ. ನೀರು ಅಲ್ಲಿ ಮೈಬಿಟ್ಟು ಕದಲುತ್ತೆ, ಕಡಿಮೆ ಒತ್ತಡ ಇರೋ ಮಗ್ಗುಲಿಗೆ ಮೇಲಿಂದ ಗಾಳಿ ಇಳಿದು ಬರುತ್ತೆ, ಹಿಡಿತ ಒಮ್ಮೆಲೇ ಹೋಗುತ್ತೆ. ಬಂಡೆಗೆ ತಾಗಿ ಆದ ಸಣ್ಣ ಗಾಯವೂ ಇದನ್ನೇ ಮಾಡುತ್ತೆ, ಎಷ್ಟೇ ದುಬಾರಿ ಫಿನ್ ಆದರೂ. ಗಾಯವನ್ನ ಎಪಾಕ್ಸಿ ತುಂಬಿ, 400ನೇ ನಂಬರಿನ, ನೀರಲ್ಲಿ ನೆನೆಸೋ ಉಜ್ಜುಕಾಗದದಲ್ಲಿ, ಆಮೇಲೆ 600ರಲ್ಲಿ ಉಜ್ಜಿ ಸರಿಮಾಡಬಹುದು. ಉಜ್ಜುವಾಗ ಬೆರಳಿನಿಂದ ಒತ್ತಬೇಡಿ, ಬೆರಳು ಹಳ್ಳ ಮಾಡುತ್ತೆ. ಚಪ್ಪಟೆ ರಬ್ಬರ್ ತುಂಡಿಗೆ ಕಾಗದ ಸುತ್ತಿಕೊಳ್ಳಿ.

ನೀರುಕೋಳಿ:
ರೆಕ್ಕೆಮೀನು ಸರ್, ಡೀಪ್ ಟಟಲ್ ಅನ್ನೋ ಬಗೆಯ ಫಿನ್ ಬಾಕ್ಸಿಗೆ ಕೈಕೆಲಸದ ಫಿನ್ ಸುಲಭಕ್ಕೆ ಕೂರಲ್ಲ ಅಂತ ಕೇಳಿದೀನಿ. ಇಷ್ಟು ದುಡ್ಡು ಕೊಟ್ಟ ಮೇಲೂ ನಾವೇ ಉಜ್ಜಬೇಕಾ?

ರೆಕ್ಕೆಮೀನು:
ಹೌದು, ಅದು ದೋಷ ಅಲ್ಲ. ಬಾಕ್ಸುಗಳೇ ಒಂದಕ್ಕಿಂತ ಒಂದು ಚೂರು ಬೇರೆ ಇರ್ತವೆ. ಒಳ್ಳೆ ಕೆಲಸಗಾರ ಫಿನ್ನಿನ ತಲೆಯನ್ನ, ಅಂದ್ರೆ ಬಾಕ್ಸಿನೊಳಗೆ ಹೋಗೋ ಭಾಗವನ್ನ, ಬೇಕಂತಲೇ ಕೂದಲೆಳೆಯಷ್ಟು ದಪ್ಪ ಬಿಟ್ಟಿರ್ತಾನೆ. ಸಡಿಲ ಕೊಟ್ಟರೆ ತಿರುಗಿ ದಪ್ಪ ಮಾಡೋದು ಕಷ್ಟ.

ಮೆತ್ತನೆ ಪೆನ್ಸಿಲಿನಿಂದ ತಲೆಯ ಎರಡೂ ಚಪ್ಪಟೆ ಮಗ್ಗುಲಿಗೆ ಬಳಿಯಿರಿ. ಬಾಕ್ಸಿಗೆ ಕೈಯಿಂದ ಒತ್ತಿ ತೆಗೆಯಿರಿ. ಎಲ್ಲಿ ಕಪ್ಪು ಅಳಿಸಿ ಹೊಳಪು ಬಂದಿದೆಯೋ ಅಲ್ಲಿ ಮಾತ್ರ ತಾಗ್ತಾ ಇದೆ. ಗಟ್ಟಿ ಮರದ ತುಂಡಿಗೆ 240ರ ಕಾಗದ ಸುತ್ತಿ ಆ ಹೊಳಪನ್ನ ಮಾತ್ರ ಉಜ್ಜಿ, ಮತ್ತೆ ಬಳಿದು ನೋಡಿ. ಕೈಯಿಂದ ಒತ್ತಿದಾಗ 1–2 ಮಿ.ಮೀ. ಹೊರಗೆ ಉಳಿದು, ಆ ಕೊನೇ ಭಾಗವನ್ನ ಬೋಲ್ಟ್ ಎಳೆದುಕೊಳ್ಳೋ ಹಾಗಿದ್ದರೆ ಅದೇ ಸರಿಯಾದ ಬಿಗಿ.

ಮುಂದೆ ಹಿಂದಿನ ಓರೆ ಅಂಚುಗಳನ್ನ ಮುಟ್ಟಬೇಡಿ. ಭಾರ ಹೊರೋದು ಅವೇ. ಓರೆ ಕಡಿಮೆ ಇರೋದ್ರಿಂದ ಅಲ್ಲಿ ಚೂರೇ ಉಜ್ಜಿದರೂ ಫಿನ್ ಬಹಳ ಒಳಗೆ ಇಳಿಯುತ್ತೆ. ಇಳಿದು ತಲೆಯ ನೆತ್ತಿ ಬಾಕ್ಸಿನ ಚಾವಣಿಗೆ ತಾಗಿಬಿಟ್ಟರೆ ಬೋಲ್ಟ್ ಬಿಗಿ ಮಾಡಿದಷ್ಟೂ ಚಾವಣಿ ಮೇಲೆ ಎಳೆತ ಬೀಳುತ್ತೆ. ಡೆಕ್ಕಿನಲ್ಲಿ ಬೋಲ್ಟ್ ತೂತಿನ ಸುತ್ತ ಕೂದಲು ಬಿರುಕು ಬರೋದು ಹೀಗೇ. ಸಡಿಲ ಆಗಿದ್ದರೆ ಚಪ್ಪಟೆ ಮಗ್ಗುಲಿಗೆ ತೆಳುವಾಗಿ ಎಪಾಕ್ಸಿ ಬಳಿದು, ಗಟ್ಟಿಯಾದ ಮೇಲೆ ಮತ್ತೆ ಹೊಂದಿಸಿ.

ತೆರೆಗಾಳಿ:
ಬೋರ್ಡ್, ಫಿನ್ ಮಾತಾಯಿತು. ಮಾಸ್ಟ್ ಮತ್ತು ಹಾಯಿಯನ್ನು ಮರೆಯಬೇಡಿ. ನನ್ನ ಅಭಿಪ್ರಾಯದಲ್ಲಿ ಫಿನ್ ನಂತರ ದುಡ್ಡು ಹಾಕಬೇಕಾದ್ದು ಮಾಸ್ಟಿಗೆ, ಬೋರ್ಡ್ ಮೂರನೆಯದು.

ಮಾಸ್ಟಿನ ಮೇಲಿನ ಶೇಕಡಾವಾರು ಕಾರ್ಬನ್ ಸಂಖ್ಯೆಗೆ ಜನ ಮರುಳಾಗುತ್ತಾರೆ. 460 ಸೆಂ.ಮೀ. ಮಾಸ್ಟ್ ಶೇಕಡಾ 100 ಕಾರ್ಬನ್ ಆದರೆ ಸುಮಾರು 1.7 ಕೆಜಿ, ಶೇಕಡಾ 50 ಆದರೆ ಅದಕ್ಕಿಂತ ಅರ್ಧ ಕೆಜಿಗೂ ಹೆಚ್ಚು ಭಾರ. ಆ ಅರ್ಧ ಕೆಜಿಯ ದೊಡ್ಡ ಪಾಲು ತಲೆಗಿಂತ ಎತ್ತರದಲ್ಲಿ ತೂಗಾಡುವುದರಿಂದ ಬೋರ್ಡಿನಲ್ಲಿ ಉಳಿಸಿದ ಅರ್ಧ ಕೆಜಿಗಿಂತ ಬಹಳ ಹೆಚ್ಚು ಗೊತ್ತಾಗುತ್ತದೆ. ಅಷ್ಟಾದರೂ ತೂಕಕ್ಕಿಂತ ಮೊದಲು ನೋಡಬೇಕಾದ್ದು ಬಾಗು. ಮಾಸ್ಟನ್ನು ಎರಡು ತುದಿಯಲ್ಲಿ ಇಟ್ಟು ಮಧ್ಯಕ್ಕೆ 30 ಕೆಜಿ ತೂಗಿಬಿಟ್ಟು ಎಷ್ಟು ಇಳಿಯಿತು ಎಂದು ಅಳೆಯುತ್ತಾರೆ. ಉದ್ದವನ್ನು ಆ ಇಳಿತದಿಂದ ಭಾಗಿಸಿದರೆ ಐಎಂಸಿಎಸ್ ಸಂಖ್ಯೆ. 460ರ ಮಾಸ್ಟ್ 18.4 ಸೆಂ.ಮೀ. ಇಳಿದರೆ 25. ಇದು ಒಟ್ಟು ಗಡಸುತನ ಮಾತ್ರ. ಕಾಲುಭಾಗದಲ್ಲಿ ಮತ್ತು ಮುಕ್ಕಾಲು ಭಾಗದಲ್ಲಿ ಎಷ್ಟೆಷ್ಟು ಇಳಿಯಿತು ಎಂಬ ಅಂತರದಿಂದ ತುದಿ ಗಡಸೋ ಮೆತ್ತಗೋ ತಿಳಿಯುತ್ತದೆ. ಹಾಯಿ ಒಂದು ಬಾಗಿಗೆ ಹೊಲಿದಿದ್ದು, ಮಾಸ್ಟ್ ಇನ್ನೊಂದು ಬಾಗಿನದಾದರೆ ಎಷ್ಟು ದುಬಾರಿಯದಾದರೂ ಹಾಯಿ ಹೊಟ್ಟೆ ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ, ಹಾಯಿಯನ್ನು ಮಾಸ್ಟಿಗೆ ಹಿಡಿಸುವ ಕ್ಯಾಮುಗಳು ತಿರುಗುವುದಿಲ್ಲ.

ಕೈಯಲ್ಲಿ ಹೊಲಿದ ಹಾಯಿಯ ವೆಚ್ಚವೂ ಇಲ್ಲಿಯೇ ಇದೆ. ಮಾಸ್ಟಿನ ಉದ್ದಕ್ಕೆ 8 ಜೋಡಣೆಗಳು ಬಂದು ಪ್ರತಿಯೊಂದರಲ್ಲಿ 1 ಮಿ.ಮೀ. ತಪ್ಪಿದರೆ ಒಟ್ಟು 8 ಮಿ.ಮೀ. ಕೆಳಗೆ ಎಳೆಯುವ ಹಗ್ಗದಲ್ಲಿ 1 ಸೆಂ.ಮೀ. ವ್ಯತ್ಯಾಸವಾದರೇ ಹಾಯಿಯ ಸ್ವಭಾವ ಬದಲಾಗುತ್ತದೆ, ಹಾಗಾಗಿ ಆ 8 ಮಿ.ಮೀ. ಸಣ್ಣದಲ್ಲ. ಪಾರದರ್ಶಕ ಮಾನೋಫಿಲ್ಮ್ ಹಗುರ, ನುಣುಪು, ಆದರೆ ಬಿಸಿಲಿಗೆ ಸೆಟೆದು ಒಂದು ದಿನ ಒಮ್ಮೆಲೇ ಹರಿಯುತ್ತದೆ. ಎಳೆಗಳ ಜಾಲ ಇರುವ ಎಕ್ಸ್‌ಪ್ಲೈ ಸ್ವಲ್ಪ ಭಾರ, ಹರಿದರೂ ಹರಕು ಜಾಲದಲ್ಲಿ ನಿಲ್ಲುತ್ತದೆ. ಅಲೆಗಳಲ್ಲಿ ಆಡುವವರು ಹಗುರದ ಆಸೆಗೆ ಮಾನೋಫಿಲ್ಮಿಗೆ ದುಡ್ಡು ಸುರಿಯಬಾರದು.

ಬೂಮ್ (ಕೈಯಲ್ಲಿ ಹಿಡಿಯುವ, ಹಾಯಿಯ ಅಡ್ಡ ಹಿಡಿಕೆ): 2 ಮೀಟರಿನ ಮೇಲೆ ಕಾರ್ಬನ್, ಕೆಳಗೆ ಅಲ್ಯುಮಿನಿಯಂ ಸಾಕು. ಅದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಮರಳುದಿಬ್ಬ:
ಫಾಯಿಲ್ ಹಾಕೋ ಯೋಚನೆ ಇದ್ದರೆ ಬೋರ್ಡ್ ಮಾಡಿಸುವಾಗಲೇ ಹೇಳಿಬಿಡಿ. 40 ಸೆಂ.ಮೀ. ಫಿನ್ನಿನ ಜಾಗದಲ್ಲಿ 95 ಸೆಂ.ಮೀ. ಕಂಬ ನಿಂತರೆ ಬಾಕ್ಸಿನ ಮೇಲಿನ ಮೀಟುಬಲ ಎರಡು ಪಟ್ಟು ದಾಟುತ್ತೆ. ಅದೂ ಅಲ್ಲದೆ ರೆಕ್ಕೆ ಕಂಬಕ್ಕಿಂತ ಮುಂದೆ ಇರೋದ್ರಿಂದ ಬಾಕ್ಸನ್ನ ಹಿಂದೆ ಮುಂದೆಯೂ ಮೀಟುತ್ತೆ. ಫಿನ್ನಿಗೆ ಅಂತ ಕೂರಿಸಿದ ಬಾಕ್ಸ್ ಗಟ್ಟಿ ಫೋಮಿನ ಸಮೇತ ಕಿತ್ತುಬರುತ್ತೆ. ಬಾಕ್ಸಿನ ಸುತ್ತ ಕಾರ್ಬನ್ ಪದರ ಅಡಿಭಾಗದಿಂದ ಡೆಕ್ಕಿನವರೆಗೆ ಒಂದೇ ಗೋಡೆಯಾಗಿ ಕಟ್ಟಿರಬೇಕು. ಆಮೇಲೆ ಸೇರಿಸ್ತೀನಿ ಅಂದ್ರೆ ಬಾಲವನ್ನೇ ಕೊಯ್ಯಬೇಕಾಗುತ್ತೆ.

ಇನ್ನೊಂದು ವಿಷಯ. ಕಾರ್ಬನ್ ಕಂಬ, ರೆಕ್ಕೆಗಳನ್ನ ಹಿಡಿಯೋ ಅಲ್ಯುಮಿನಿಯಂ ಫ್ಯೂಸಲಾಜ್, ಉಪ್ಪುನೀರು ಮೂರೂ ಸೇರಿದರೆ ಬ್ಯಾಟರಿ ಇದ್ದ ಹಾಗೆ, ತಿಂದುಹೋಗೋದು ಅಲ್ಯುಮಿನಿಯಂ. ಪ್ರತಿ ಸಲ ಬಿಚ್ಚಿ ಸಿಹಿನೀರಲ್ಲಿ ತೊಳೆದು, ತಿರುಪುಗಳಿಗೆ ಮತ್ತೆ ಎರಡೂ ತಾಗುವ ಜಾಗಕ್ಕೆ ತುಕ್ಕು ತಡೆಯೋ ಗ್ರೀಸ್ ಹಚ್ಚಬೇಕು. ದುಬಾರಿ ಫಾಯಿಲ್ ಹಾಳಾಗೋದು ಹೆಚ್ಚಾಗಿ ಈ ಸೋಮಾರಿತನಕ್ಕೆ.

ನೀರುಕೋಳಿ:
ಎಲ್ಲರಿಗೂ ವಂದನೆ. ಕೊನೇ ಪ್ರಶ್ನೆ: ಆರ್ಡರ್ ಕೊಡುವಾಗ ಕಾಗದದ ಮೇಲೆ ಏನೇನು ಬರೆಸಿಕೊಳ್ಳಬೇಕು? ಬೋರ್ಡ್ ಕೈಗೆ ಬಂದ ದಿನ ಏನು ನೋಡಬೇಕು?

ರಾಳಬಟ್ಟೆ:
ನಿಮ್ಮ ಕಡೆಯಿಂದ: ಮೈತೂಕ, ಬಳಸೋ ಅತಿ ದೊಡ್ಡ ಮತ್ತು ಅತಿ ಚಿಕ್ಕ ಹಾಯಿ, ಫಿನ್ನಿನ ಉದ್ದದ ವ್ಯಾಪ್ತಿ, ನೀರು ಸಮತಟ್ಟೋ ಸಣ್ಣ ಸಣ್ಣ ಕಲಕು ಅಲೆಯೋ, ಎರಡು ಹಿಮ್ಮಡಿ ನಡುವಿನ ಅಂತರ.

ಅವರ ಕಡೆಯಿಂದ: ಥರ್ಮೋಕೋಲಿನ ಸಾಂದ್ರತೆ. ಪಿವಿಸಿಯ ದಪ್ಪ ಮತ್ತು ಸಾಂದ್ರತೆ, ಡೆಕ್ಕಿಗೆ ಬೇರೆ ಅಡಿಗೆ ಬೇರೆ. ಒಳಪದರ, ಹೊರಪದರ ಬಟ್ಟೆಗಳ ಗ್ರಾಂ ಮತ್ತು ದಿಕ್ಕು. ಬಾಕ್ಸಿನ ಜಾತಿ. ಮೆತ್ತೆ, ಫುಟ್‌ಸ್ಟ್ರಾಪ್ ಇಲ್ಲದೆ ಒಣ ತೂಕ, ಅದರಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನೋದು. ಕೆಟಲಾಗುಗಳಲ್ಲಿ ±6% ಅಂತ ಬರೆಯೋದು ರೂಢಿ, 6 ಕೆಜಿಗೆ ಅದು 360 ಗ್ರಾಂ ಆಯ್ತು. ಕೈಕೆಲಸಕ್ಕೆ ಹೆಚ್ಚು ಕೊಡೋದಾದ್ರೆ 200 ಗ್ರಾಮಿಗೆ ಒಪ್ಪಿಸಿಕೊಳ್ಳಿ. ಪದರದ ಪಟ್ಟಿ ಬರೆದುಕೊಡೋಕೆ ಒಪ್ಪದವರ ಹತ್ತಿರ ಮಾಡಿಸಬೇಡಿ. ಮುಂದೆ ರಿಪೇರಿ ಮಾಡೋವನಿಗೆ ಆ ಪಟ್ಟಿಯೇ ಬೇಕಾಗೋದು. 3 ಮಿ.ಮೀ. ಪಿವಿಸಿ ಇರೋ ಕಡೆ 5 ತುಂಬಿದರೆ ಮೈ ಉಬ್ಬುತ್ತೆ.

ಪಾಲಿಯೆಸ್ಟರ್ ರಾಳದ ಪುಟ್ಟಿ ಎಲ್ಲೂ ಬಳಸಬಾರದು ಅಂತಲೂ ಬರೆಸಿ. ಅದು ಥರ್ಮೋಕೋಲನ್ನ ಕರಗಿಸುತ್ತೆ. ಪಿವಿಸಿಯಲ್ಲಿ ಒಂದು ಸಣ್ಣ ತೂತಿದ್ದರೂ ಒಳಗೆ ಇಳಿದು ಗುಳಿ ಮಾಡುತ್ತೆ, ಹೊರಗೆ ಏನೂ ಕಾಣಲ್ಲ.

ಕೈಗೆ ಬಂದ ದಿನ ತೂಗಿ, ಬೋರ್ಡಿನ ಮೇಲೇ ಮರೆಯಾದ ಜಾಗದಲ್ಲಿ ತೂಕ ಮತ್ತು ದಿನಾಂಕ ಬರೆದಿಡಿ. ಆಮೇಲೆ ಎಂದಾದ್ರೂ 150 ಗ್ರಾಂ ಏರಿದರೆ ನೀರು ಒಳಗೆ ಹೋಗ್ತಾ ಇದೆ ಅಂತ ಗೊತ್ತಾಗುತ್ತೆ. ಒಂದು ಮೀಟರಿನ ನೇರ ಪಟ್ಟಿಯನ್ನ ಅಡಿಭಾಗದಲ್ಲಿ ಬಾಲದ ತುದಿಗೆ ಇಟ್ಟು ಹಿಂದಿನಿಂದ ಬೆಳಕು ಹಾಯಿಸಿ ನೋಡಿ. ಕೊನೇ ಅರ್ಧ ಮೀಟರಿನಲ್ಲಿ ಬೆಳಕು ಒಂದೇ ಸಮನಾಗಿ ಇರಬೇಕು. ನಾಣ್ಯದಿಂದ ಇಡೀ ಮೈ ತಟ್ಟಿ: ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪೊಳ್ಳಿನ ಕಡೆ ಡಬ್ ಅನ್ನುತ್ತೆ. ಹೆಚ್ಚು ಕಾಳಜಿ ಬೇಕಿರೋದು ಅಂಚಿನ ತಿರುವಿನ ಉದ್ದಕ್ಕೆ. ಹೊಸ ಬೋರ್ಡಿನಲ್ಲಿ ಪೊಳ್ಳು ಸಿಗೋದಾದ್ರೆ ಅಲ್ಲೇ.

ಹೊರಪದರದ ಕಾರ್ಬನ್ ರಾಳ ಸೇರಿಯೂ 0.3 ಮಿ.ಮೀ. ಮುಟ್ಟಲ್ಲ. ಅದರ ಮೇಲಿನ ಪುಟ್ಟಿ ಉಜ್ಜುವಾಗ ಕೈ ಜಾರಿದರೆ ಎಳೆಗಳೇ ಕತ್ತರಿಸಿ ಹೋಗ್ತವೆ. ಬಣ್ಣ ಬಳಿದ ಮೇಲೆ ಇದನ್ನ ಕಂಡುಹಿಡಿಯೋಕೆ ಆಗಲ್ಲ. ಹಾಗಾಗಿ ಬಣ್ಣಕ್ಕೆ ಮೊದಲು ಎರಡೂ ಮಗ್ಗುಲಿನ ಫೋಟೋ ಕೇಳಿ. ಒಳ್ಳೆ ಕೆಲಸಗಾರ ಸಂತೋಷದಿಂದ ಕಳಿಸ್ತಾನೆ.

ತೆರೆಗಾಳಿ:
ಬಣ್ಣದ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಕಾರ್ಬನ್ ನೇಯ್ಗೆ ಕಾಣುವಂತೆ ಪಾರದರ್ಶಕ ಲೇಪ ಮಾಡಿಸಲು ಕೆಲವರು ಹೆಚ್ಚು ದುಡ್ಡು ಕೊಡುತ್ತಾರೆ. ಅದನ್ನು ಮಾಡಿಸಬೇಡಿ. ಕಪ್ಪು ಮೈ ಬಿಸಿಲಿನಲ್ಲಿ ಸುಲಭವಾಗಿ 60 ಡಿಗ್ರಿ ಮುಟ್ಟುತ್ತದೆ. ಥರ್ಮೋಕೋಲಿನ ಬಹುಪಾಲು ಗಾಳಿ. ಆ ಗಾಳಿ 20ರಿಂದ 60 ಡಿಗ್ರಿಗೆ ಏರಿ ಹೊರಹೋಗಲು ದಾರಿಯಿಲ್ಲದಿದ್ದರೆ ಒಳಗಿನ ಒತ್ತಡ ಸುಮಾರು 0.14 ಬಾರ್ ಹೆಚ್ಚುತ್ತದೆ, ಅಂದರೆ ಚದರ ಮೀಟರಿಗೆ 1.4 ಟನ್ ಡೆಕ್ಕನ್ನು ಒಳಗಿನಿಂದ ನೂಕುತ್ತದೆ. ರಾಳವೂ ಅದೇ ಹೊತ್ತಿಗೆ ಮೆತ್ತಗಾಗಿರುತ್ತದೆ. ಡೆಕ್ ಗುಳ್ಳೆ ಏಳುವುದು ಹೀಗೆ. ಬಿಳಿ ಬಣ್ಣ ಹೊಡೆಸಿ, ಮತ್ತು ಅವರು ಕೊನೆಗೆ 50–60 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ರಾಳ ಪಕ್ವ ಮಾಡುತ್ತಾರೆಯೇ ಎಂದು ಕೇಳಿ.

ಗಾಳಿ ತಿರುಪು ಕೈಯಿಂದ ತಿರುಗಿಸುವ ಬಗೆಯದಾದರೆ ನೀರಿನಿಂದ ಬಂದ ಕೂಡಲೇ ಸಡಿಲಿಸಿ, ನೀರಿಗೆ ಇಳಿಯುವ ಮೊದಲು ಬಿಗಿ ಮಾಡಿ. ಅದರ ರಬ್ಬರ್ ಉಂಗುರ ಒಂದೆರಡು ಹೆಚ್ಚುವರಿ ಇಟ್ಟುಕೊಳ್ಳಿ. ಬಿಸಿಯಾದ ಬೋರ್ಡನ್ನು ತಿರುಪು ಸಡಿಲವಿರುವಾಗ ತಣ್ಣೀರಿಗೆ ಹಾಕಬೇಡಿ. ತಣಿಯುವಾಗ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲು ನೆರಳಿನಲ್ಲಿ ಕಾಲು ಗಂಟೆ ಇಟ್ಟು, ನಂತರ ಬಿಗಿ ಮಾಡಿ ಇಳಿಸಿ.